ಸಿಪ್ಪೆ ತೆಗೆದು ಕೊಡು

ಅತ್ತಿಗುಪ್ಪೆ, ಬೆಂಗಳೂರು
6 ಜುಲೈ 2025

ನರಸೂ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ಮಾಲೂರು ಬಸ್ಸಿನ ಕಂಡಕ್ಟರ್ ಕೈಲಿ ನೀನು ಕಳಿಸಿದ ಸೀಬೆಹಣ್ಣಿನ ಪೆಟ್ಟಿಗೆ ತರಲು ನಿನ್ನೆ ಮೆಜೆಸ್ಟಿಕ್ಕಿಗೆ ಹೋಗಿದ್ದೆ. ಅರವತ್ತೆಂಟು ವರ್ಷದ ಮುದುಕ ಪೆಟ್ಟಿಗೆ ಹೆಗಲ ಮೇಲೆ ಹೊತ್ತು ಮೆಟ್ರೋ ಬಾಗಿಲಿಗೆ ಬಂದರೆ, ಅಲ್ಲಿನ ಸೆಕ್ಯೂರಿಟಿ ಹುಡುಗಿ "ಓಪನ್ ಮಾಡಿ ಅಂಕಲ್" ಅಂದಳು. ಅಷ್ಟು ಜನರ ಎದುರಿಗೆ ಬಿಚ್ಚಿದೆ. ಅವಳು ಒಂದು ಹಣ್ಣು ಎತ್ತಿ ತಿರುಗಿಸಿ ನೋಡಿ, "ಇದನ್ನ ಯಾಕ್ ಅಂಕಲ್ ಇಷ್ಟು ದೂರ ಹೊತ್ಕೊಂಡು ಹೋಗ್ತಾ ಇದೀರಾ?" ಅಂತ ಕೇಳಿದಳು. ಹಣ್ಣು ಅವಳ ಕೈಯಿಂದ ಕಿತ್ತುಕೊಂಡು ಪೆಟ್ಟಿಗೆ ಮುಚ್ಚಿದೆ.

ಮನೆಗೆ ಬಂದರೆ ಕೆಂಗೇರಿ ಉಪನಗರದಿಂದ ಬೀಗರು ಬಂದು ಕೂತಿದ್ದರು. ನಿನ್ನ ಅತ್ತಿಗೆ ಉತ್ಸಾಹದಿಂದ ಒಂದು ಹಣ್ಣು ಕೊಯ್ದಳು. ಒಳಗಿಂದ ಬಿಳಿ ಹುಳ ಹೊರಗೆ ಬಂದು ತಟ್ಟೆಯ ಮೇಲೆ ಓಡಾಡಿತು. ಬೀಗಿತ್ತಿ, "ಪರವಾಗಿಲ್ಲ ಬಿಡಿ, ಹಳ್ಳಿ ಹಣ್ಣಲ್ವಾ" ಅಂದರು. ಆ "ಪರವಾಗಿಲ್ಲ" ಇದೆಯಲ್ಲ, ಅದಕ್ಕಿಂತ ಎರಡು ಬಿಗಿದಿದ್ದರೆ ವಾಸಿಯಾಗಿತ್ತು. ಉಳಿದ ಹಣ್ಣನ್ನೆಲ್ಲ ಹಿಂದಿನ ರಸ್ತೆಯ ಹಾಲಿನವನ ಹಸುವಿಗೆ ಹಾಕಿಸಿದೆ.

ನಿನ್ನ ಮಗ ಭೈರೇಶ ಎರಡೆಕರೆ ಸೀಬೆ ತೋಟ ಮಾಡಿದ್ದಾನೆ. ಅದರಲ್ಲಿ ಕನ್ನಡಿಯ ಹಾಗೆ ಹೊಳೆಯುವ ಹಣ್ಣು ಪೇಟೆಗೆ, ಕಪ್ಪು ಚುಕ್ಕಿ, ಹುಳುಕು ಎಲ್ಲ ಅಣ್ಣನ ಮನೆಗಾ? ಮಗಳು ಧನ್ಯಾಗೆ ಐದು ತಿಂಗಳು ತುಂಬುತ್ತಿದೆ. ಹಿಂದಿನ ಸಲ ಮೂರರಲ್ಲೇ ಕೈತಪ್ಪಿ ಹೋಗಿದ್ದು ನಿನಗೆ ಗೊತ್ತೇ ಇದೆ. ಈ ಸಲ ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೇವೆ. ವಾಂತಿ ಜಾಸ್ತಿ ಅಂತ ಇಲ್ಲೇ ನಮ್ಮ ಮನೆಯಲ್ಲಿದ್ದಾಳೆ, ಸೀಬೆ ಒಂದು ಮಾತ್ರ ಬಾಯಿಗೆ ಹಿಡಿಸುತ್ತೆ ಅಂತಾಳೆ. ಪಿತೃಪಕ್ಷ ಕಳೆದ ಮೇಲೆ, ಸೆಪ್ಟೆಂಬರ್ 28 ಭಾನುವಾರ, ಬೀಗರ ಮನೆಯಲ್ಲಿ ಸೀಮಂತ. ಸೋದರತ್ತೆ ನೀನೇ ಮಡಿಲು ತುಂಬಬೇಕು. ಅದಕ್ಕೆ ಮೊದಲು ಒಂದು ಸಲ ಪೇಟೆಗೆ ಹೋಗುವಂಥ ಹಣ್ಣು ಕಳಿಸಿ ನನ್ನ ಮರ್ಯಾದೆ ಉಳಿಸು.

ಫೋನ್ ಮಾಡಬೇಡ. ನೀನು ಹೇಳುವುದು ನನ್ನ ಕಿವಿಗೆ ಬೀಳುವುದಿಲ್ಲ, ನಾನು ಕೂಗುವುದು ಇಡೀ ರಸ್ತೆಗೆ ಕೇಳುತ್ತದೆ.

ನಿನ್ನ ಅಣ್ಣ
ಮರಿಯಪ್ಪ


ಕೆಂಪದೇನಹಳ್ಳಿ
14 ಜುಲೈ 2025

ಅಣ್ಣಾ,

ಕಾಗದ ಸೇರಿತು. ಎರಡು ಸಲ ಓದಿದೆ. ಎರಡನೇ ಸಲವೂ ನೀನು ಅದನ್ನೇ ಬರೆದಿದ್ದೆ.

ಹಸುವಿಗೆ ಹಾಕಿಸಿದ್ದು ಒಳ್ಳೆಯದಾಯಿತು. ಆ ಹಸು ಪುಣ್ಯ ಮಾಡಿತ್ತು ಬಿಡು.

ಪೇಟೆಗೆ ಹೋಗುವ ಹಣ್ಣೇ ಬೇಕು ಅಂದೆಯಲ್ಲ, ಅದನ್ನೇ ಕಳಿಸುತ್ತೇನೆ. ನಮ್ಮೆಜಮಾನರು "ಅಣ್ಣನಿಗೆ ಒಂದು ಮಾತು ಬಿಡಿಸಿ ಬರಿ" ಅಂದರು. ಬಿಡಿಸಿ ಬರೆಯುವುದಕ್ಕೆ ನನಗೆ ಮನಸ್ಸಿಲ್ಲ. ತವರಿಗೆ ಅಂತ ಒಂದೊಂದೇ ಆರಿಸಿ ಇಟ್ಟವಳಿಗೆ "ಹುಳುಕು ಅಣ್ಣನ ಮನೆಗಾ" ಅಂದ ಮೇಲೆ ಇನ್ನೇನು ಹೇಳಲಿ.

ಧನ್ಯಾ ಹುಷಾರಾಗಿರಲಿ. ನನ್ನ ಸೊಸೆ ಕುಸುಮಾ ಅವಳನ್ನು ಕೇಳಿದಳು ಅಂತ ಹೇಳು.

ನರಸಮ್ಮ


ಅತ್ತಿಗುಪ್ಪೆ
27 ಜುಲೈ 2025

ನರಸೂ,

ಇದಪ್ಪಾ ಹಣ್ಣು ಅಂದರೆ! ಮೊದಲೇ ಇದನ್ನು ಕಳಿಸುವುದಕ್ಕೆ ನಿನಗೆ ಏನಾಗಿತ್ತು?

ಒಂದೊಂದಕ್ಕೂ ಬಿಳಿ ಜಾಲರಿ ಹಾಕಿದ್ದೀರಿ, ಚಳಿಗಾಲದ ಕೂಸಿಗೆ ಸ್ವೆಟರ್ ಹಾಕಿದ ಹಾಗೆ. ಒಂದು ಚುಕ್ಕಿ ಇಲ್ಲ, ಗೀರಿಲ್ಲ. ಈ ಸಲ ಮೆಟ್ರೋ ಹುಡುಗಿ ಕೇಳುವ ಮೊದಲೇ ನಾನೇ ಬಿಚ್ಚಿ ತೋರಿಸಿದೆ. ಬೀಗರ ಮನೆಗೆ ಒಂದು ಚೀಲ, ಮೇಲಿನ ಮನೆಯ ಮಹದೇವ್ ಅವರಿಗೆ ನಾಲ್ಕು ಕೊಟ್ಟೆ. "ಎಲ್ಲಿ ತಗೊಂಡ್ರಿ ಸಾರ್?" ಅಂದರು. "ತಗೊಳ್ಳೋದೇನು, ತಂಗಿ ತೋಟದ್ದು" ಅಂದೆ. ಅವತ್ತು ನಾನು ಎರಡಿಂಚು ಎತ್ತರ ಬೆಳೆದಿದ್ದೆ ಕಣೇ.

ಧನ್ಯಾ ದಿನಕ್ಕೆ ಎರಡು ತಿನ್ನುತ್ತಾಳೆ. ಸಿಪ್ಪೆ ಸಮೇತ, ಉಪ್ಪು ಖಾರದ ಪುಡಿ ಹಚ್ಚಿಕೊಂಡು. ಅವಳಿಗೆ ಅನ್ನ ಒಲ್ಲದಾಗಿ ಎಷ್ಟು ದಿನವಾಗಿತ್ತೋ. ಇವತ್ತು ಹಣ್ಣು ತಿಂದು ಒಂದು ತುತ್ತು ಮೊಸರನ್ನವನ್ನೂ ತಿಂದಳು. ನಿನ್ನ ಅತ್ತಿಗೆ ಅಡುಗೆ ಮನೆಯಲ್ಲಿ ನಿಂತು ಅತ್ತಳು. ನಾನು ಬೈದಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮರಿಯಪ್ಪ


ಕೆಂಪದೇನಹಳ್ಳಿ
1 ಆಗಸ್ಟ್ 2025

ಅಣ್ಣಾ,

ದಿನಕ್ಕೆ ಎರಡಾ? ಯಾಕೆ ಅಷ್ಟು ಕೊಡುತ್ತೀರಿ? ಬಸುರಿಗೆ ಸೀಬೆ ಶೀತ. ಅತ್ತಿಗೆಗೆ ಅಷ್ಟೂ ಗೊತ್ತಿಲ್ಲವಾ?

ಕೊಡಲೇಬೇಕು ಅಂದರೆ ಸಿಪ್ಪೆ ತೆಗೆದು ಕೊಡು. ಉಪ್ಪುನೀರಲ್ಲಿ ನೆನೆಸಿಡು, ಆಮೇಲೆ ಹುಣಸೆನೀರಲ್ಲಿ ತೊಳಿ. ಸಿಪ್ಪೆ ದಪ್ಪವಾಗಿಯೇ ತೆಗಿ. ಉಳಿದಿದ್ದರೆ ಅಕ್ಕಪಕ್ಕ ಹಂಚಿಬಿಡು. ಬೇಡ, ಹಂಚುವುದು ಬೇಡ. ಮಣ್ಣಿಗೆ ಹಾಕು.

ನಿನ್ನೆ ಕುಸುಮಾ ಕೈಲಿ ನಿನಗೆ ಫೋನ್ ಮಾಡಿಸಿದ್ದೆ. ನೀನು "ಏನು? ಯಾರು? ಸಾಲ ಬೇಡಾರೀ" ಅಂತ ಇಟ್ಟುಬಿಟ್ಟೆ. ಧನ್ಯಾ ನಂಬರ್ ಇರುವುದು ಭೈರೇಶನ ಫೋನಲ್ಲಿ, ಅವನ ಮುಂದೆ ಮಾತಾಡುವ ಹಾಗಿಲ್ಲ.

ಈ ಕಾಗದ ಕಂಡ ಕೂಡಲೇ ನಿಲ್ಲಿಸು.

ನರಸಮ್ಮ


ಅತ್ತಿಗುಪ್ಪೆ
10 ಆಗಸ್ಟ್ 2025

ನರಸಮ್ಮಾ,

ನೀನು ಇಷ್ಟು ಸಣ್ಣವಳಾಗುತ್ತೀಯ ಅಂತ ನಾನು ಅಂದುಕೊಂಡಿರಲಿಲ್ಲ.

ಕೊಟ್ಟಿದ್ದು ಹೊಟ್ಟೆಕಿಚ್ಚಾಯಿತಾ? "ಯಾಕೆ ಅಷ್ಟು ಕೊಡುತ್ತೀರಿ" ಅಂತೆ! ಅದೂ ಶೀತದ ನೆಪ. ನಮ್ಮವ್ವ ನಿನ್ನನ್ನು ಹೊತ್ತಾಗ ಸೀಬೆಮರದ ಬುಡದಲ್ಲೇ ಕೂತಿರುತ್ತಿದ್ದಳು, ಯಾವ ಶೀತವೂ ಆಗಲಿಲ್ಲ. ಹಂಚು ಅನ್ನುತ್ತೀಯ, ಹಂಚಬೇಡ ಅನ್ನುತ್ತೀಯ, ಮಣ್ಣಿಗೆ ಹಾಕು ಅನ್ನುತ್ತೀಯ. ಕೊಡುವ ಮನಸ್ಸಿಲ್ಲದಿದ್ದರೆ ಕೊಡಬಾರದಿತ್ತು. ತಿನ್ನುವ ಬಾಯಿಗೆ ಮಣ್ಣು ಹಾಕುವ ಮಾತು ಬೇಡವಾಗಿತ್ತು.

ನಿನ್ನ ಕಾಗದವನ್ನು ಧನ್ಯಾಗೆ ತೋರಿಸಿದೆ, ನಗಲಿ ಅಂತ. ಅವಳು ನಗಲಿಲ್ಲ. ಎರಡು ಸಲ ಓದಿದಳು. "ಅಪ್ಪಾ, ಅತ್ತೆ ಸಿಪ್ಪೆ ದಪ್ಪವಾಗಿ ತೆಗಿ ಅಂತ ಯಾಕೆ ಬರ್ದಿದಾರೆ?" ಅಂತ ಕೇಳಿದಳು. "ಜಿಪುಣತನ" ಅಂದೆ. ಅವಳು ಫ್ರಿಜ್ಜಿನಲ್ಲಿ ಉಳಿದಿದ್ದ ಆರು ಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಅವಳ ಕೆಲಸ ನಿನಗೆ ಗೊತ್ತಲ್ಲ, ಪೀಣ್ಯದ ಕಡೆ ಆಹಾರ ಪರೀಕ್ಷೆ ಮಾಡುವ ಲ್ಯಾಬು. ಪರೀಕ್ಷೆ ಮಾಡಲಿ. ನಿನ್ನ ತೋಟದ ಹೆಸರಾದರೂ ಉಳಿಯಲಿ, ನಿನ್ನ ಕೈ ಹೇಗೇ ಇರಲಿ.

ಮರಿಯಪ್ಪ


ಅತ್ತಿಗುಪ್ಪೆ
20 ಆಗಸ್ಟ್ 2025

ನರಸಮ್ಮ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಧನ್ಯಾ ಮೂರು ಹಣ್ಣನ್ನು ಹಾಗೇ ಇಟ್ಟು, ಮೂರನ್ನು ನೀನು ಹೇಳಿದ ಹಾಗೇ ಉಪ್ಪುನೀರು, ಹುಣಸೆನೀರು ಎಲ್ಲದರಲ್ಲೂ ತೊಳೆದಳಂತೆ. ಆಮೇಲೆ ಸಿಪ್ಪೆ ಬೇರೆ, ತಿರುಳು ಬೇರೆ ಮಾಡಿ ಮೆಷಿನ್ನಿಗೆ ಹಾಕಿದರಂತೆ. ಹುಳಕ್ಕೆ ಹೊಡೆಯುವ ಎರಡು ಔಷಧಿ ಸಿಕ್ಕಿವೆ. ಒಂದು ಸಿಪ್ಪೆಯ ಮೇಲಿನ ಮೇಣದಲ್ಲಿ ಅಂಟಿಕೊಂಡು ಕೂತಿತ್ತು, ತೊಳೆದಾಗ ಅರ್ಧ ಹೋಯಿತು. ಇನ್ನೊಂದು ಸಿಪ್ಪೆಯಲ್ಲಿ ನಿಲ್ಲುವ ಜಾತಿಯೇ ಅಲ್ಲವಂತೆ. ಹಣ್ಣಿನ ನೀರಿನ ಜೊತೆ ಕರಗಿ ತಿರುಳಿಗೆ ಇಳಿದಿತ್ತು. ತೊಳೆದ ಹಣ್ಣಿನಲ್ಲೂ ಅಷ್ಟೇ, ತೊಳೆಯದ್ದರಲ್ಲೂ ಅಷ್ಟೇ. "ಸಿಪ್ಪೆ ಅಂದ್ರೆ ಗೋಡೆ ಅಂದ್ಕೊಂಡಿದೀವಿ ಅಪ್ಪಾ, ಅದು ಜರಡಿ" ಅಂದಳು. ಅಂದರೆ ನೀನು ಹೇಳಿದ ಸಿಪ್ಪೆ ತೆಗೆಯುವ ಉಪಾಯವೂ ಸುಳ್ಳು.

ಇಪ್ಪತ್ತು ದಿನ ತಿಂದಿದ್ದಾಳೆ. ದಿನಕ್ಕೆ ಎರಡು. ನಾನೇ ಕೊಯ್ದು, ನಾನೇ ಖಾರ ಹಚ್ಚಿ ಕೊಟ್ಟಿದ್ದೇನೆ.

ಗೊತ್ತಿಲ್ಲದೆ ಆಗಿದ್ದರೆ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿಲ್ಲದವರು ಸಿಪ್ಪೆ ದಪ್ಪವಾಗಿ ತೆಗಿ ಅಂತ ಬರೆಯುವುದಿಲ್ಲ. ಒಂದು ಸಲ ಕೂಸು ಕಳೆದುಕೊಂಡವಳ ಬಾಯಿಗೆ ಗೊತ್ತಿದ್ದೂ ಆ ಹಣ್ಣು ಕಳಿಸಿದೆಯಲ್ಲ, ನಿನಗೆ ಹೇಗೆ ಮನಸ್ಸು ಬಂತು?

ಸೋಮವಾರ ಸ್ಕ್ಯಾನಿಂಗ್ ಇದೆ. ಏನಾಗುತ್ತೋ ಗೊತ್ತಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ತರಲು ನನ್ನಿಂದ ಆಗುವುದಿಲ್ಲ. ಸೀಮಂತಕ್ಕೆ ನೀನು ಬರುವುದೂ ಬೇಡ. ಮಡಿಲು ತುಂಬಲು ಬೇರೆ ಯಾರಾದರೂ ಸಿಗುತ್ತಾರೆ.

ಮರಿಯಪ್ಪ


ಕೆಂಪದೇನಹಳ್ಳಿ
30 ಆಗಸ್ಟ್ 2025

ಅಣ್ಣಾ,

ಸ್ಕ್ಯಾನಿಂಗ್ ಏನಾಯಿತು ಅಂತ ಬರೆಯುತ್ತೀಯೇನೋ ಅಂತ ಐದು ದಿನ ಪೋಸ್ಟಿನ ಕೆಂಪಯ್ಯನ ದಾರಿ ಕಾದೆ. ನೀನು ಬರೆಯಲಿಲ್ಲ. ಕೊನೆಗೆ ಭೈರೇಶನ ಕೈಯಿಂದ ಫೋನ್ ಕಿತ್ತುಕೊಂಡು ಅವನ ಮುಂದೆಯೇ ಧನ್ಯಾಗೆ ಮಾಡಿದೆ. "ಕೂಸು ಚೆನ್ನಾಗಿದೆ ಅತ್ತೆ, ಡಾಕ್ಟ್ರು ಭಯ ಬೇಡ ಅಂದ್ರು, ಹಣ್ಣು ಮಾತ್ರ ನಿಲ್ಸಿ ಅಂದ್ರು" ಅಂತ ಅವಳು ಹೇಳಿದ ಮೇಲೆ ಆ ದಿನದ ಊಟ ಮಾಡಿದೆ. ಈ ಒಂದು ಮಾತು ಬರೆಯುವುದಕ್ಕೆ ನಿನಗೆ ಇನ್‌ಲ್ಯಾಂಡ್ ಸಿಗಲಿಲ್ಲವಾ?

ಈಗ ಬಿಡಿಸಿ ಬರೆಯುತ್ತೇನೆ. ಪೂರ್ತಿ ಓದು, ಮಧ್ಯದಲ್ಲಿ ಹಾರಬೇಡ. ನಿನಗೆ ಆ ಅಭ್ಯಾಸ ಇದೆ.

ಬಾವಿ ಪಕ್ಕ ನಾಲ್ಕು ಸೀಬೆಮರ ಇವೆ. ಅವಕ್ಕೆ ನಾವು ಔಷಧಿ ಹೊಡೆಯುವುದಿಲ್ಲ. ಇಲ್ಲಿ ಎಲ್ಲರ ತೋಟದಲ್ಲೂ ಹಾಗೆ ನಾಲ್ಕೈದು ಇರುತ್ತವೆ. ಮನೆ ಮರ ಅನ್ನುತ್ತೇವೆ. ಮಕ್ಕಳಿಗೆ, ನೆಂಟರಿಗೆ, ದೇವರಿಗೆ ಅದರದ್ದೇ. ಹುಳ ಬೀಳುತ್ತೆ, ಚುಕ್ಕಿ ಬರುತ್ತೆ, ನೂರರಲ್ಲಿ ಮೂವತ್ತು ಉಳಿಯುತ್ತೆ. ಆ ಮೂವತ್ತನ್ನು ಆರಿಸಿ ನಿನಗೆ ಕಳಿಸಿದ್ದೆ. ನಾವು ಬಾಯಿಗೆ ಹಾಕಿಕೊಳ್ಳದೆ ಕಳಿಸಿದ್ದು. ಅದನ್ನು ನೀನು ಹಸುವಿಗೆ ಹಾಕಿದೆ.

ಆವತ್ತೇ ಹೇಳಬಹುದಿತ್ತು, ನಿಜ. ನಿನ್ನ ಕಾಗದ ಓದಿ ಹೊಟ್ಟೆ ಉರಿದುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಮನೆ ಮರದ ವಿಷಯ ಹೇಳಿದರೆ ನೀನು ಸುಮ್ಮನಿರುತ್ತಿದ್ದೆಯಾ? "ಹಾಗಾದರೆ ಪೇಟೆಗೆ ಹೋಗುವುದು ಎಂಥ ಹಣ್ಣು?" ಅಂತ ಕೇಳುತ್ತಿದ್ದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಔಷಧಿ ಹೊಡೆದ ಮೇಲೆ ಹದಿನೈದು ದಿನ ಕಾಯಬೇಕು ಅಂತ ಬಾಟ್ಲಿ ಮೇಲೆ ಬರೆದಿದೆ. ನಾನು ಏಳನೇ ಕ್ಲಾಸು ಓದಿದವಳು, ನನಗೆ ಓದಲು ಬರುತ್ತದೆ. ವ್ಯಾಪಾರಿ ಆರನೇ ದಿನಕ್ಕೇ ಗಾಡಿ ತರುತ್ತಾನೆ. ಕಾಯಿರಿ ಅಂದರೆ ಪಕ್ಕದ ತೋಟಕ್ಕೆ ಹೋಗುತ್ತಾನೆ. ನಿನಗೆ ಕಳಿಸಿದ್ದೂ ಆರನೇ ದಿನದ ಹಣ್ಣೇ. ಒಂದು ಪೆಟ್ಟಿಗೆ ತಿಂದರೆ ಏನಾಗುತ್ತೆ, ಊರೆಲ್ಲ ತಿನ್ನುತ್ತಿಲ್ಲವಾ ಅಂತ ನನಗೆ ನಾನೇ ಹೇಳಿಕೊಂಡೆ. ಧನ್ಯಾ ದಿನಕ್ಕೆ ಎರಡು ತಿನ್ನುತ್ತಾಳೆ ಅಂತ ಓದಿದಾಗ ನನ್ನ ಜೀವ ಹೋದ ಹಾಗಾಯಿತು. ಆಗಲೂ ಸತ್ಯ ಬರೆಯದೆ ಶೀತ ಅಂತ ಬರೆದೆ. ಅದು ನನ್ನ ತಪ್ಪು. ಬಯ್ಯಿ, ಅದಕ್ಕೆ ನಿನಗೆ ಹಕ್ಕಿದೆ.

ಆದರೆ ಅಣ್ಣಾ, ನನಗೂ ಒಂದು ಸಿಟ್ಟಿದೆ. ಅದು ಸಿಪ್ಪೆ ದಾಟಿತು, ತಿರುಳಿಗೆ ಇಳಿಯಿತು ಅಂತ ಪುಟಗಟ್ಟಲೆ ಬರೆದೆಯಲ್ಲ. ಆ ಔಷಧಿ ಮರಕ್ಕೆ ಹೊಡೆಯುವವರು ಯಾರು ಅಂತ ಒಂದು ಸಾಲು ಕೇಳಿದೆಯಾ?

ಭೈರೇಶ ಔಷಧಿ ಚಿಮ್ಮಿಸುವ ಗನ್ನು ಹಿಡಿಯುತ್ತಾನೆ. ಡ್ರಮ್ಮಿನ ಹತ್ತಿರ ಒಬ್ಬರು ನಿಂತು ನೀರಿಗೆ ಔಷಧಿ ಬೆರೆಸಿ ಕಲಸುತ್ತಲೇ ಇರಬೇಕು, ಇಲ್ಲದಿದ್ದರೆ ತಳಕ್ಕೆ ಕೂರುತ್ತೆ. ಕೂಲಿಯವರು ಬೇರೆ ಏನು ಕೆಲಸಕ್ಕಾದರೂ ಬರುತ್ತಾರೆ, ಇದಕ್ಕೆ ಬರುವುದಿಲ್ಲ. ನಮ್ಮೆಜಮಾನರು ಹತ್ತು ವರ್ಷ ಡ್ರಮ್ಮಿಗೆ ನಿಂತರು. ಈಗ ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು, ಡಾಕ್ಟರು ತೋಟದ ಕಡೆ ತಲೆ ಹಾಕಬೇಡಿ ಅಂದಿದ್ದಾರೆ. ಅವರ ಜಾಗಕ್ಕೆ ಕುಸುಮಾ ಬಂದಳು. ಅವಳು ಮೇ ತಿಂಗಳಿಂದ ಮುಟ್ಟಾಗಿಲ್ಲ. ಮೂರು ತುಂಬುವವರೆಗೆ ಬಾಯಿ ಬಿಡಬಾರದು ಅಂತ ನಿನಗೆ ಬರೆದಿರಲಿಲ್ಲ. ಈಗ ನಾಲ್ಕು. ಜೂನ್ ಕೊನೆಗೆ ನನಗೆ ಗೊತ್ತಾಗುವ ಹೊತ್ತಿಗೆ ಅವಳು ಎರಡು ಸಲ ಡ್ರಮ್ಮಿಗೆ ನಿಂತಿದ್ದಳು, ಮೊಣಕೈವರೆಗೆ ಅದ್ದಿಕೊಂಡು. ಅವತ್ತಿಂದ ನಾನು ನಿಲ್ಲುತ್ತಿದ್ದೇನೆ. ನನ್ನ ಬೆರಳ ಸಂದಿ ಒಡೆದು ರಕ್ತ ಬರುತ್ತೆ, ಸಾರು ಕಲಸಿಕೊಂಡರೆ ಉರಿಯುತ್ತೆ. ಮೂರು ಉಗುರು ಕಪ್ಪಾಗಿವೆ.

ಗೌರಿ ಹಬ್ಬದ ದಿನ ಬಾಗಿಲಲ್ಲಿ ಕೂತಿದ್ದೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ತವರಿಂದ ಬಾಗಿನ ಬರದ ಮೊದಲ ಗೌರಿ. ಅಕ್ಕಪಕ್ಕದವರು ಕೇಳಿದರೆ ಅಣ್ಣನಿಗೆ ಕಾಲು ನೋವು ಅಂದೆ.

ಸೀಮಂತಕ್ಕೆ ನಾನು ಬರುವುದಿಲ್ಲ. ನೀನು ಬೇಡ ಅಂದಿದ್ದಕ್ಕಲ್ಲ. ನೀನು ಬೇಡ ಅಂದರೂ ಬಂದು ಮಣೆ ಪಕ್ಕ ಕೂರುವವಳು ನಾನು, ನಿನಗೇ ಗೊತ್ತು. ಆ ವಾರ ಔಷಧಿ ಹೊಡೆಯುವ ಸರದಿ. ಭೈರೇಶನಿಗೆ ಬೇರೆ ಕೆಲಸದಿಂದ ಬಿಡುವು ಭಾನುವಾರ ಒಂದೇ. ನಾನು ಬೆಂಗಳೂರಿಗೆ ಬಂದರೆ ಕುಸುಮಾ ಡ್ರಮ್ಮಿಗೆ ಹೋಗುತ್ತಾಳೆ. ಬೇಡ ಅಂದರೆ "ಒಂದು ದಿನ ಅಲ್ವಾ ಅತ್ತೆ" ಅನ್ನುತ್ತಾಳೆ. ಮತ್ತೆ ಈ ಕೈಯಲ್ಲಿ ಧನ್ಯಾಳ ಮಡಿಲು ಮುಟ್ಟಲು ನನಗೇ ಭಯ.

ಬೇರೆ ಯಾರಿಂದಾದರೂ ತುಂಬಿಸು. ಅವಳು ಸುಖವಾಗಿ ಹೆತ್ತರೆ ಸಾಕು.

ನರಸಮ್ಮ


ಅತ್ತಿಗುಪ್ಪೆ
5 ಸೆಪ್ಟೆಂಬರ್ 2025

ನರಸೂ,

ಮಧ್ಯದಲ್ಲಿ ಹಾರಲಿಲ್ಲ. ಪೂರ್ತಿ ಓದಿದೆ. ಓದಿದ ಮೇಲೆ ಯಾರ ಮೇಲೆ ರೇಗಬೇಕು ಅಂತ ಗೊತ್ತಾಗದೆ ನಿನ್ನ ಅತ್ತಿಗೆಯ ಮೇಲೆ ರೇಗಿದೆ. ಅವಳು ಕಾಗದ ಕಿತ್ತುಕೊಂಡು ಓದಿ, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದು ನಿಮ್ಮಂಥವರನ್ನ ನೋಡಿಯೇ" ಅಂದಳು.

ನಾಲ್ಕು ತಿಂಗಳ ಬಸುರಿ ಮನೆಯಲ್ಲಿದ್ದಾಳೆ, ನಾನು ಒಂದು ಕಾಗದದಲ್ಲೂ ಅವಳ ಹೆಸರು ಎತ್ತಿಲ್ಲ. ನೀನು "ಕುಸುಮಾ ಕೇಳಿದಳು" ಅಂತ ಬರೆದಿದ್ದೆ. ಅವಳು ಹೇಗಿದ್ದಾಳೆ ಅಂತ ನಾನು ಕೇಳಲಿಲ್ಲ. ನನ್ನ ತಪ್ಪು. ನೀನು ನನಗೆ ಹೇಳದೇ ಇದ್ದದ್ದು ನಿನ್ನ ತಪ್ಪು. ಅದನ್ನು ಬಿಟ್ಟುಕೊಡುವುದಿಲ್ಲ, ಎದುರಿಗೆ ಸಿಕ್ಕಾಗ ಬಯ್ಯುತ್ತೇನೆ.

ಧನ್ಯಾ ನಿನ್ನ ಕಾಗದ ಓದಿ, ನಿನ್ನ ಕೈಯ ವಿಷಯ ಬರೆದ ಸಾಲಿನ ಮೇಲೆ ಬೆರಳಿಟ್ಟಳು. "ನಾನು ತಿಂದಿದ್ದು ಚಿಟಿಕೆ ಅಪ್ಪಾ, ನೀರು ಬೆರೆಸಿ, ಗಾಳೀಲಿ ಹೋಗಿ, ಬಿಸಿಲಲ್ಲಿ ಒಣಗಿ ಉಳಿದಿದ್ದು. ಅತ್ತೆ ಕೈ ಹಾಕ್ತಿರೋದು ಬಾಟ್ಲಿಯಿಂದ ಆಗ ತಾನೇ ಸುರಿದಿದ್ದಕ್ಕೆ" ಅಂದಳು. ಆಮೇಲೆ ಒಂದು ಮಾತು ಸೇರಿಸಿದಳು: "ಸೋದರತ್ತೆ ಬರದೆ ನಾನು ಮಣೆ ಮೇಲೆ ಕೂರಲ್ಲ." ಬೀಗರು, ಪುರೋಹಿತರು, ಅಡುಗೆಯವರಿಗೆ ಕೊಟ್ಟ ಮುಂಗಡ ಎಲ್ಲ ಹೇಳಿ ನೋಡಿದೆ. ಕೂರಲ್ಲ ಅಂದರೆ ಕೂರಲ್ಲ. ನಿನ್ನ ಹಟವೇ ಅವಳಿಗೆ ಬಂದಿದೆ, ನಮ್ಮ ಮನೆಯಲ್ಲಿ ಇನ್ಯಾರಿಗೂ ಇಲ್ಲ.

ಅದಕ್ಕೆ ಹೀಗೆ ಮಾಡೋಣ. ಸೀಮಂತದ ಹಿಂದಿನ ದಿನ, ಶನಿವಾರ ಬೆಳಿಗ್ಗೆಯ ಬಸ್ಸಿಗೆ ನಾನು ಕೆಂಪದೇನಹಳ್ಳಿಗೆ ಬರುತ್ತೇನೆ. ಅದೇ ಬಸ್ಸು ತಿರುಗಿ ಹೊರಡುವಾಗ ನೀನೂ ಕುಸುಮಾನೂ ಹತ್ತಿ ಇಲ್ಲಿಗೆ ಬನ್ನಿ. ನಿನ್ನ ಅತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಕಾಯುತ್ತಾಳೆ. ಸೋಮವಾರ ಇಬ್ಬರನ್ನೂ ಧನ್ಯಾ ತನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಕುಸುಮಾ ಹೆರಿಗೆವರೆಗೆ ನಮ್ಮಲ್ಲೇ ಇರಬೇಕು ಅಂತ ನನ್ನ ಆಸೆ, ಅವಳನ್ನೂ ಅವಳ ತವರಿನವರನ್ನೂ ಕೇಳಿ ಹೇಳು.

ಬೀಗರಿಗೆ ಹೇಳಿದೆ. "ಮಗಳ ಸೀಮಂತದ ದಿನ ಅಪ್ಪ ಇರಲ್ಲ ಅಂದ್ರೆ ಹೇಗೆ?" ಅಂತ ಹುಬ್ಬೇರಿಸಿದರು. "ಸೀಮಂತದಲ್ಲಿ ಅಪ್ಪನಿಗೆ ಏನ್ ಕೆಲ್ಸ ಇದೆ ಬೀಗರೆ, ಚೇರ್ ಜೋಡಿಸೋದು ತಾನೇ, ಅದನ್ನ ನೀವೇ ಮಾಡಿ" ಅಂದೆ. ಮುಖ ಸಿಂಡರಿಸಿದರು. ಸಿಂಡರಿಸಲಿ.

ಭೈರೇಶನಿಗೆ ಮೊದಲೇ ತಿಳಿಸಬೇಡ, ತಪ್ಪಿಸಿಕೊಂಡಾನು. ಔಷಧಿ ಬೇಡ ಅಂತ ಶನಿವಾರ ಇಡೀ ರಾತ್ರಿ ಅವನ ಜೊತೆ ಜಗಳ ಆಡುತ್ತೇನೆ. ನನ್ನ ಕಿವಿ ಕೇಳುವುದಿಲ್ಲ, ಆದ್ದರಿಂದ ಜಗಳದಲ್ಲಿ ಸೋಲುವುದು ಕಷ್ಟ. ಅಷ್ಟಾದರೂ ಅವನು ಹೊಡೆಯಲೇಬೇಕು ಮಾವ ಅಂದರೆ, ಹೊಡೆಯಲಿ. ಧನ್ಯಾ ಮೊಣಕೈ ದಾಟುವ ಗ್ಲೌಸು, ಮೂಗಿನ ಮಾಸ್ಕು, ಕನ್ನಡಕ ತಂದಿಟ್ಟಿದ್ದಾಳೆ. ಅದನ್ನೆಲ್ಲ ಹಾಕಿಕೊಂಡು ಭಾನುವಾರ ಡ್ರಮ್ಮಿನ ಹತ್ತಿರ ನಿಲ್ಲುವವನು ನಾನು.

ನೀನು ಅವತ್ತು ಹೊಸ ಸೀರೆ ಉಟ್ಟು, ಆ ಒಡೆದ ಕೈಯಲ್ಲೇ ನನ್ನ ಮಗಳ ಮಡಿಲು ತುಂಬು.

ಮರಿಯಪ್ಪ